ಸಿಎಫ್‌ಟಿ ಲೆಕ್ಕ ಬಿಟ್ಟ ಮೇಲೆ: ಗಡಿನಾಡಿನ ಒಂದು ಮರದ ಮಿಲ್ಲು ಬದಲಾದ ಬಗೆ

ಮಿಲ್ಲಿನ ಅಂಗಳದಲ್ಲಿ ಹಲಸಿನ ಒಂದು ದಿಮ್ಮಿ ಇದೆ ಅಂತಿಟ್ಟುಕೊಳ್ಳಿ. ಸುತ್ತಳತೆ 72 ಇಂಚು, ಉದ್ದ 10 ಅಡಿ. ಸುತ್ತಳತೆಯ ಕಾಲುಭಾಗ 18. ಹದಿನೆಂಟನ್ನು ಹದಿನೆಂಟರಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ 22.5 ಘನ ಅಡಿ, ಅಂದರೆ ಸಿಎಫ್‌ಟಿ. ಅದರ ಪಕ್ಕದಲ್ಲೇ ರಬ್ಬರಿನ ಒಂದು ತುಂಡು: ಸುತ್ತಳತೆ 30 ಇಂಚು, ಉದ್ದ 6 ಅಡಿ. ಅದೇ ಲೆಕ್ಕಕ್ಕೆ 2.34 ಸಿಎಫ್‌ಟಿ. ಹಲಸಿನ ಒಂದು ದಿಮ್ಮಿಗೆ ಸಮ ಆಗಬೇಕಾದರೆ ರಬ್ಬರಿನ ಒಂಬತ್ತು ಹತ್ತು ತುಂಡು ಬೇಕು. ಒಂದೊಂದನ್ನೂ ಉರುಳಿಸಬೇಕು, ಟ್ರಾಲಿಗೆ ಏರಿಸಬೇಕು, ಕೊಕ್ಕೆ ಬಿಗಿಯಬೇಕು, ಬ್ಲೇಡಿಗೆ ನೇರ ಹಿಡಿಯಬೇಕು.

ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯ, ಬದಿಯಡ್ಕ, ಪೆರ್ಲ ಕಡೆಯ ಮಿಲ್ಲುಗಳಲ್ಲಿ ಹತ್ತಿಪ್ಪತ್ತು ವರ್ಷದಿಂದ ನಡೆದ ಬದಲಾವಣೆಯೆಲ್ಲ ಈ ಎರಡು ಅಂಕೆಗಳ ಒಳಗಿದೆ. ನಮ್ಮ ಮಿಲ್ಲಿನಲ್ಲಿ 14 ಜನ. ಕೂಲಿ ಆಗ ಸಿಎಫ್‌ಟಿ ಲೆಕ್ಕದಲ್ಲಿ. ಹಲಸು, ಮಾವು, ಹೆಬ್ಬಲಸು ಕೊಯ್ಯುವಾಗ ಒಂದು ದಿಮ್ಮಿ ಮುಗಿಯಲು 25 ನಿಮಿಷ; ಗಂಟೆಗೆ 54 ಸಿಎಫ್‌ಟಿ ಇಳಿಯುತ್ತಿತ್ತು. ರಬ್ಬರಿನ ತುಂಡಿಗೆ ಏರಿಸಿ ಇಳಿಸುವುದೂ ಸೇರಿ ನಾಲ್ಕೂವರೆ ನಿಮಿಷ; ಗಂಟೆಗೆ 31. ಬೆವರು ಅಷ್ಟೇ, ಕೂಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆದ್ದರಿಂದ ರಬ್ಬರು ಬಂದ ದಿನ ಪಳಗಿದ ಕೈಗಳು ರಜೆ ಹಾಕುತ್ತಿದ್ದವು. ಅದನ್ನು ಸೋಮಾರಿತನ ಅಂದವರೂ ಇದ್ದರು. ಅದು ಬರೀ ಲೆಕ್ಕ. ಹೊಸ ಯಂತ್ರ, ಹೊಸ ಮಾಲು, ಕೆಲಸ ಬದಲಾಯಿಸಿಕೊಳ್ಳುವ ತಂಡ ಅಂತ ಏನೇ ಯೋಜನೆ ಹಾಕಿ, ಕೂಲಿಯ ಅಳತೆಗೋಲು ಮೊದಲು ಬದಲಾಗದಿದ್ದರೆ ಉಳಿದದ್ದು ಒಂದೂ ನಿಲ್ಲುವುದಿಲ್ಲ. ನಾವು ಮೊದಲ ವರ್ಷ ಇದನ್ನು ತಲೆಕೆಳಗು ಮಾಡಿದೆವು: ಯಂತ್ರ ಮೊದಲು, ಕೂಲಿ ಆಮೇಲೆ. ಆ ವರ್ಷ ವ್ಯರ್ಥ.

ಹಲಸು ಯಾಕೆ ಹೋಯಿತು ಅನ್ನುವುದಕ್ಕೆ ಕಾಡನ್ನು ಮಾತ್ರ ದೂರಿದರೆ ಸಾಲದು. ಹಂಚಿನ ಮನೆಗೆ ಮಾಡಿನ ಪಕ್ಕಾಸು, ರೀಪು, ಜಂತಿ, ಅಟ್ಟದ ಹಲಗೆ, ಬಾಗಿಲಿನ ದಾರಂದ ಎಲ್ಲ ಮಿಲ್ಲಿನಿಂದಲೇ ಹೋಗಬೇಕಿತ್ತು. ಟೆರೇಸು ಬಂದು ಪಕ್ಕಾಸು ರೀಪು ಎರಡೂ ಒಟ್ಟಿಗೆ ನಿಂತವು. ಸೆಂಟ್ರಿಂಗಿನ ಹಲಗೆಯ ಜಾಗಕ್ಕೆ ತಗಡು ಮತ್ತು ಪ್ಲೈವುಡ್ ಬಂತು. ಉಳಿದ ದಾರಂದವನ್ನೂ ಉಕ್ಕು, ಸಿಮೆಂಟು ಹಂಚಿಕೊಂಡವು. ಇನ್ನೊಂದು ಕಡೆಯಿಂದ ಮಾಲಿನ ದಾರಿ ಸಣ್ಣದಾಯಿತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ನಂತರ ಕಾಡಿನ ಮರಕ್ಕೂ ಪರವಾನಗಿ ಇಲ್ಲದ ಮಿಲ್ಲಿಗೂ ಬಾಗಿಲು ಬಿತ್ತು. ಮಂಗಳೂರು ಬಂದರಿನ ಆಮದು ದಿಮ್ಮಿ ನಂಬಿದವರಿಗೆ 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿ ರಫ್ತು ನಿಲ್ಲಿಸಿದ್ದು ಇನ್ನೊಂದು ಪೆಟ್ಟು. ಊರಲ್ಲಿ ಖಾತ್ರಿಯಾಗಿ ಸಿಗುವ ಮರ ಅಂದರೆ 25–30 ವರ್ಷ ಆಗಿ ಕಡಿಯುವ ರಬ್ಬರು, ಆಮೇಲೆ ಅಕೇಶಿಯಾ, ಮಹಾಗನಿ, ತೋಟದಂಚಿನ ಸಣ್ಣಪುಟ್ಟ ಮರ.

ಬದಲಾಯಿಸುವ ಮುಂಚೆ ಒಂದು ತಿಂಗಳು ಬರುವ ಪ್ರತಿ ದಿಮ್ಮಿಯ ಜಾತಿ, ಸುತ್ತಳತೆ, ಉದ್ದ, ಕೊಯ್ಯಲು ಹಿಡಿದ ನಿಮಿಷ ಬರೆದಿಡಿ. ಬರೆಯದೆ ಕೇಳಿದರೆ ಎಲ್ಲರೂ ದೊಡ್ಡ ದಿಮ್ಮಿಯನ್ನೇ ನೆನೆಯುತ್ತಾರೆ. ಪುಸ್ತಕ ನೋಡಿದಾಗ ಮುಕ್ಕಾಲಿಗಿಂತ ಹೆಚ್ಚು ತುಂಡುಗಳು 36 ಇಂಚಿನ ಒಳಗಿದ್ದವು. ಆದರೆ ಟ್ರಾಲಿ, ಹಳಿ, ಜನ, ಕೂಲಿ ಎಲ್ಲ 72 ಇಂಚಿಗೆ ಹೊಂದಿಸಿದ್ದು.

ಪರವಾನಗಿಯ ಕತೆ ಚುಟುಕಾಗಿ. ಮರದ ಮಿಲ್ಲಿನಲ್ಲಿ ಒಂದು ಬ್ಯಾಂಡ್‌ಸಾ (ಚಕ್ರಗಳ ಮೇಲೆ ಓಡುವ ಪಟ್ಟಿ ಗರಗಸ) ಹೆಚ್ಚಿಗೆ ನಿಲ್ಲಿಸುವುದು ಅಂಗಡಿಗೆ ಫ್ಯಾನು ಹಾಕಿದಂತಲ್ಲ. 2016ರ ಕೇಂದ್ರ ಮಾರ್ಗಸೂಚಿಯ ನಂತರ ಇದನ್ನು ತೀರ್ಮಾನಿಸುವುದು ರಾಜ್ಯ ಮಟ್ಟದ ಸಮಿತಿ. ಕೇರಳದಲ್ಲಿ 2012ರ ಸಾಮಿಲ್ಲು ನಿಯಮಗಳೂ ಇವೆ. ಯಂತ್ರದ ಸಂಖ್ಯೆ, ಸಾಮರ್ಥ್ಯ, ಜಾಗ ಯಾವುದು ಬದಲಾದರೂ ಮೊದಲು ಅರ್ಜಿ. ಆದರೆ ದಿಮ್ಮಿಯನ್ನೇ ಮುಟ್ಟದೆ, ದೊಡ್ಡ ಗರಗಸ ಇಟ್ಟುಕೊಳ್ಳದೆ, ಸೀಳಿದ ಮರದಿಂದ ಮಾತ್ರ ಮಾಲು ಮಾಡುವ ಘಟಕಕ್ಕೆ ಈ ಪರವಾನಗಿ ಬೇಡ. ಹಾಗಾಗಿ ಕೊಯ್ಯುವ ಶೆಡ್ಡನ್ನು ಇದ್ದ ಹಾಗೇ ಬಿಟ್ಟು, ಟ್ರೀಟ್‌ಮೆಂಟು (ಹುಳ ಹಿಡಿಯದಂತೆ ಹಲಗೆಗೆ ಔಷಧಿ ಹಾಕುವುದು), ಒಣಗಿಸುವುದು, ಪ್ಯಾಕಿಂಗ್ ಪೆಟ್ಟಿಗೆ ಇವನ್ನು ಗೋಡೆ ಹಾಕಿ ಬೇರೆ ಮಾಡಿದೆವು. ಎರಡು ಶೆಡ್ಡಿನ ನಡುವೆ ಮಾಲು ದಾಟುವಾಗ ಪುಸ್ತಕದಲ್ಲಿ ದಾಖಲೆ ಆಗಲೇಬೇಕು. ಅದು ತಪ್ಪಿದರೆ ತನಿಖೆಗೆ ಬಂದವರಿಗೆ ಎರಡೂ ಒಂದೇ ಅನಿಸುವುದು ಸಹಜ.

ಇನ್ನು ಜನರ ವಿಷಯ. 14 ಜನಕ್ಕೆ ಇದ್ದ ಕೆಲಸದ ಹೆಸರು ಒಂಬತ್ತು: ಟ್ರಾಲಿ ಮೇಸ್ತ್ರಿ, ಬ್ಲೇಡಿನಾಚೆ ಹಲಗೆ ಹಿಡಿಯುವವ, ದಿಮ್ಮಿ ಉರುಳಿಸುವವ, ಅಡ್ಡಕ್ಕೆ ತುಂಡರಿಸುವ ಕ್ರಾಸ್‌ಕಟ್, ಬದಿ ಕೊಯ್ಯುವವ, ಬ್ಲೇಡ್ ಮಸೆಯುವವ, ಅಟ್ಟಿ ಹಾಕುವವ, ಹುಡಿ ತೆಗೆಯುವವ, ಕ್ಲರ್ಕು. ದಿಮ್ಮಿ ದೊಡ್ಡದಿದ್ದ ಕಾಲಕ್ಕೆ ಇದು ಸರಿ, ಯಾಕೆಂದರೆ ಟ್ರಾಲಿಯ ಒಂದು ಓಟ ಮುಗಿಯುವವರೆಗೆ ಎಲ್ಲರಿಗೂ ಅವರವರ ಜಾಗದಲ್ಲಿ ಕೆಲಸ ಇರುತ್ತದೆ. ರಬ್ಬರಿನ ತುಂಡಿಗೆ ಕ್ರಾಸ್‌ಕಟ್ಟಿನವನು ಬೆಳಿಗ್ಗೆ ಎರಡು ಗಂಟೆಯಲ್ಲಿ ದಿನದ ತುಂಡು ಮುಗಿಸಿ ಕೂರುತ್ತಾನೆ. ಬದಿ ಕೊಯ್ಯುವಲ್ಲಿ ಮಧ್ಯಾಹ್ನಕ್ಕೆ ಹಲಗೆ ಗುಡ್ಡೆ ಬೀಳುತ್ತದೆ. ಸಂಜೆ ಟ್ರೀಟ್‌ಮೆಂಟಿಗೆ ನಾಲ್ಕು ಕೈ ಸಾಲದು.

ಯಾರು ಯಾವ ಕೆಲಸಕ್ಕೆ ಸರದಿಯಲ್ಲಿ ನಿಲ್ಲಬಹುದು ಅಂತ ಗೋಡೆಗೆ ಒಂದು ಚಾರ್ಟು ತೂಗುಹಾಕಿದೆವು. ಅಡ್ಡಕ್ಕೆ ಕೆಲಸ, ಉದ್ದಕ್ಕೆ ಹೆಸರು. 1 ಅಂದರೆ ನೋಡಿ ಗೊತ್ತು, 2 ಅಂದರೆ ಇನ್ನೊಬ್ಬರ ಜೊತೆ ನಿಂತು ಮಾಡಬಹುದು, 3 ಅಂದರೆ ಒಬ್ಬನೇ, 4 ಅಂದರೆ ಕಲಿಸಬಲ್ಲ. ಪ್ರತಿ ಕೆಲಸದಲ್ಲಿ ಕಡಿಮೆಯೆಂದರೆ ಮೂವರು 3ರಲ್ಲಿರಬೇಕು ಅಂತ ಗುರಿ. ಕ್ರಾಸ್‌ಕಟ್ಟಿಗೆ ಮೂರು ದಿನ ಸಾಕಾಯಿತು. ಅಟ್ಟಿ ಹಾಕುವುದು ಸುಲಭ ಅಂತ ಎಲ್ಲರ ಅಂದಾಜು; ಒಂದು ವಾರ ಕಲಿತರೂ ಎರಡು ತಿಂಗಳು ತಪ್ಪಾಯಿತು. ಟ್ರೀಟ್‌ಮೆಂಟು ಎರಡು ವಾರ. ಬದಿ ಕೊಯ್ಯುವುದು ಒಂದು ತಿಂಗಳು. ಟ್ರಾಲಿ ಆರು ತಿಂಗಳಿಗೆ ಕಡಿಮೆ ಆಗದು: ದಿಮ್ಮಿಯ ಡೊಂಕನ್ನು ಯಾವ ಬದಿಗೆ ತಿರುಗಿಸಿ ಮೊದಲ ಸೀಳು ಹಾಕಬೇಕೆಂಬುದು ಚಾರ್ಟಿನಲ್ಲಿ ಬರೆಯುವ ವಿದ್ಯೆಯಲ್ಲ. ಬ್ಲೇಡಿನ ಕೋಣೆಗೆ ಎರಡು ವರ್ಷ ಬೇಕು, ಅಲ್ಲಿಗೆ ಸರದಿ ಹಾಕಲೇಬಾರದು. ಎಲ್ಲರಿಗೂ ಎಲ್ಲ ಕೆಲಸ ಅನ್ನುವುದು ಸಭೆಯಲ್ಲಿ ಹೇಳುವ ಮಾತು. ನಮ್ಮ ಅನುಭವದಲ್ಲಿ ಒಂಬತ್ತರಲ್ಲಿ ಐದು ಕೆಲಸ ಸರದಿಗೆ ಒಗ್ಗುತ್ತವೆ, ಎರಡು ಅರ್ಧಂಬರ್ಧ, ಎರಡು ಒಗ್ಗುವುದೇ ಇಲ್ಲ.

ಸರದಿಯನ್ನು ದಿನದ ಲೆಕ್ಕದಲ್ಲಿ ಇಡಿ, ಗಂಟೆಯ ಲೆಕ್ಕದಲ್ಲಿ ಬೇಡ. ಮೊದಲು ಎರಡು ಗಂಟೆಗೊಮ್ಮೆ ಜಾಗ ಬದಲಾಯಿಸಿ ನೋಡಿದೆವು. ಕೈ ಹೊಂದಿಕೊಳ್ಳುವಷ್ಟರಲ್ಲಿ ಎದ್ದು ಹೋಗಬೇಕು. ಟ್ರಾಲಿಯವನಿಗೂ ಬ್ಲೇಡಿನಾಚೆ ನಿಂತವನಿಗೂ ಒಂದು ತಾಳ ಇರುತ್ತದೆ; ಎದುರಿಗೆ ಯಾರಿದ್ದಾರೆ ಅಂತ ನೋಡಿ ನೆನಪಿಸಿಕೊಳ್ಳಬೇಕಾದರೆ ಬೆರಳಿಗೆ ಅಪಾಯ. ಮಾತಿನ ತೊಡಕೂ ಇದೆ. ಕನ್ನಡ, ತುಳು, ಮಲಯಾಳ, ಈಗ ಅಸ್ಸಾಂ ಬಂಗಾಳದವರ ಹಿಂದಿ. ‘ನಿಲ್ಲಿಸು’ ಅನ್ನುವುದನ್ನು ನಾಲ್ಕು ಭಾಷೆಯಲ್ಲಿ ಕೂಗಿದರೂ ಬ್ಯಾಂಡ್‌ಸಾ ಸದ್ದಿನಲ್ಲಿ ಕೇಳುವುದಿಲ್ಲ. ಆದ್ದರಿಂದ ಮುಷ್ಟಿ ಮೇಲೆತ್ತಿದರೆ ನಿಲ್ಲಿಸು, ಅಂಗೈ ಕೆಳಗೆ ಒತ್ತಿದರೆ ನಿಧಾನ, ಎರಡು ಬೆರಳು ತಿರುಗಿಸಿದರೆ ದಿಮ್ಮಿ ತಿರುಗಿಸು. ಮೂರೇ ಸನ್ನೆ; ನಾಲ್ಕನೆಯದು ಸೇರಿಸಿದಾಗ ಗೊಂದಲವಾಯಿತು.

ಲಾರಿಯಿಂದ ದಿಮ್ಮಿ ಇಳಿಸುವುದನ್ನು ಚಾರ್ಟಿಗೆ ಸೇರಿಸುವ ಮುಂಚೆ ಕೇರಳದ ಕಾನೂನು ನೋಡಿ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. 1978ರ ಚುಮಟ್ಟು (ಹೊರೆ ಹೊರುವ) ಕಾರ್ಮಿಕರ ಕಾಯ್ದೆಯ ಪ್ರಕಾರ ಹೇರುವ ಇಳಿಸುವ ಕೆಲಸ ನೋಂದಾಯಿತ ಕಾರ್ಮಿಕರದು. ನಮ್ಮ ಖಾಯಂ ಜನವೇ ಇಳಿಸಬೇಕಾದರೆ ಅವರ ಹೆಸರಿಗೆ ಲೇಬರ್ ಆಫೀಸಿನಿಂದ 26ಎ ಕಾರ್ಡು ಮಾಡಿಸಬೇಕು. ನಾಲ್ವರಿಗೆ ಮಾಡಿಸಿದೆವು. ಕಾರ್ಡಿಲ್ಲದವನನ್ನು ಅಂದಿಗೊಂದು ದಿನಕ್ಕೆ ಲಾರಿಗೆ ಹತ್ತಿಸಿದರೆ ಜಗಳ ಖಂಡಿತ, ಆ ಜಗಳದಲ್ಲಿ ಮಿಲ್ಲಿನ ಕಡೆ ನ್ಯಾಯ ಇರುವುದಿಲ್ಲ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ನೋಕ್ಕು ಕೂಲಿಯನ್ನು ಸರಕಾರ 2018ರ ಮೇ 1ರಿಂದ ನಿಲ್ಲಿಸಿದೆ. ಅದು ಬೇರೆ ವಿಷಯ, ಎರಡನ್ನೂ ಕಲಸಬಾರದು.

ಕೂಲಿಯ ಕ್ರಮ, ಪಾಳಿ, ಜನ ಕಡಿಮೆಯಾಗಬಹುದಾದ ಹೊಸ ತಂತ್ರ ಇವು ಯಾವುದನ್ನು ಬದಲಾಯಿಸುವುದಿದ್ದರೂ ಆಗ ಕೈಗಾರಿಕಾ ವಿವಾದ ಕಾಯ್ದೆಯ 9ಎ ಪ್ರಕಾರ ನೋಟೀಸು ಕೊಟ್ಟು 21 ದಿನ ಕಾಯಬೇಕಿತ್ತು. ಒಪ್ಪಂದವಾದರೆ ನೋಟೀಸಿನ ಅಗತ್ಯವೇ ಇಲ್ಲ, ಆದರೂ ಕೊಡುವುದು ಒಳ್ಳೆಯದು. ಮಾತುಕತೆಗೆ ತಾರೀಕು ಹುಟ್ಟುತ್ತದೆ. ಒಪ್ಪಂದವನ್ನು ಮಿಲ್ಲಿನೊಳಗೆ ಕೂತು ಬರೆಯಬಹುದು, ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ. ಲೇಬರ್ ಆಫೀಸರ ಎದುರು ಅದೇ ಕಾಯ್ದೆಯ 12(3) ಒಪ್ಪಂದ ಮಾಡಿದರೆ ಯೂನಿಯನ್ನಿಗೆ ಸೇರದವನನ್ನೂ, ನಾಳೆ ಸೇರುವವನನ್ನೂ ಕಟ್ಟುತ್ತಿತ್ತು. ಎರಡನೆಯದೇ ಸರಿ. ಈಗ 2025ರ ನವೆಂಬರ್ 21ರಿಂದ ಕೇಂದ್ರ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ತಂದಿದೆ. 21 ದಿನದ ನೋಟೀಸು ಅಲ್ಲೂ ಇದೆ. ಜನ ಕಡಿಮೆ ಮಾಡಲು ಕೆಲಸದಿಂದ ತೆಗೆದರೆ ವರ್ಷಕ್ಕೆ 15 ದಿನದ ಕೂಲಿಯ ಪರಿಹಾರ ಹಳೆಯದೇ. ಅದರ ಮೇಲೆ ಪ್ರತಿ ಕಾರ್ಮಿಕನಿಗೆ ಕೊನೆಯ 15 ದಿನದ ಕೂಲಿಯಷ್ಟನ್ನು ಮರುಕೌಶಲ ನಿಧಿಗೆ ಕಟ್ಟುವುದು ಹೊಸದು.

ನಾವು ಯಾರನ್ನೂ ತೆಗೆಯಲಿಲ್ಲ. ಇದರಲ್ಲಿ ಔದಾರ್ಯ ಏನಿಲ್ಲ. ರಬ್ಬರಿಗೆ ಕೈ ಹೆಚ್ಚೇ ಬೇಕು.

ಕೂಲಿಯ ಲೆಕ್ಕಕ್ಕೆ ಬರೋಣ. ಒಪ್ಪಿದ್ದು ಇಷ್ಟು: ಎಲ್ಲರಿಗೂ ದಿನಗೂಲಿ, ಚಾರ್ಟಿನಲ್ಲಿ 3 ಮುಟ್ಟಿದ ಪ್ರತಿ ಹೆಚ್ಚಿನ ಕೆಲಸಕ್ಕೆ ದಿನಕ್ಕಿಷ್ಟು ಅಂತ ಖಾಯಂ ಏರಿಕೆ, ಆ ದಿನ ಆ ಕೆಲಸ ಮಾಡಲಿ ಬಿಡಲಿ, ತಿಂಗಳ ಕೊನೆಗೆ ಇಡೀ ತಂಡಕ್ಕೆ ಒಂದು ಬೋನಸು. ಎರಡನೆಯ ಅಂಶವೇ ಮುಖ್ಯ. ಮಾಡಿದ ದಿನಕ್ಕೆ ಮಾತ್ರ ಏರಿಕೆ ಅಂದರೆ ಎಲ್ಲರೂ ಹೆಚ್ಚು ಕೂಲಿಯ ಜಾಗಕ್ಕೇ ನೂಕಾಡುತ್ತಾರೆ, ಹುಡಿ ತೆಗೆಯಲು ಯಾರೂ ಇರುವುದಿಲ್ಲ.

ಬೋನಸಿನಲ್ಲಿ ಎಡವಿದ್ದು ಅಳತೆಯಲ್ಲಿ. ಕಾಲು ಸುತ್ತಳತೆಯ ಲೆಕ್ಕ, ಅಂದರೆ ಹಾಪಸ್ ಲೆಕ್ಕ, ದಿಮ್ಮಿಯ ನಿಜ ಗಾತ್ರಕ್ಕಿಂತ ಕಡಿಮೆ ತೋರಿಸುತ್ತದೆ. ಕೊಳ್ಳುವವನಿಗೆ ಹಾಳು ಕಳೆದು ಕೊಟ್ಟಂತೆ. ನಿಜ ಗಾತ್ರ ಬೇಕಾದರೆ 1.273ರಿಂದ ಗುಣಿಸಬೇಕು. ತಿಂಗಳಿಗೆ 5,200 ಸಿಎಫ್‌ಟಿ ದಿಮ್ಮಿ ಕೊಯ್ದು 2,250 ಸಿಎಫ್‌ಟಿ ಹಲಗೆ ಬಂತು ಅನ್ನಿ. ಹಾಪಸ್ಸಿನ ಮೇಲೆ ಭಾಗಿಸಿದರೆ ಶೇ. 43 ಇಳುವರಿ, ಎಲ್ಲರಿಗೂ ಖುಷಿ. ನಿಜ ಗಾತ್ರ 6,620. ಅದರ ಮೇಲೆ ಭಾಗಿಸಿದರೆ ಶೇ. 34. ಮೊದಲ ಮೂರು ತಿಂಗಳು 43 ನೋಡಿ ಬೋನಸು ಹಂಚಿದೆವು. ದಿಮ್ಮಿಯನ್ನು ಒಂದು ಅಳತೆಯಲ್ಲಿ ಕೊಂಡು ಹಲಗೆಯನ್ನು ಇನ್ನೊಂದರಲ್ಲಿ ಮಾರುವ ಕಸುಬಿನಲ್ಲಿ ಇಂಥ ಶೇಕಡಾವಾರನ್ನು ಎಲ್ಲಿಂದ ತೆಗೆದಿರಿ ಅಂತ ಕೇಳದೆ ನಂಬಬಾರದು.

ಎರಡನೆಯ ಎಡವಟ್ಟು: ಹಲಗೆಯ ಸಿಎಫ್‌ಟಿ ಮೇಲೆ ಬೋನಸು ಅಂದಕೂಡಲೇ ಹಲಗೆ ದಪ್ಪವಾಯಿತು. ಒಂದು ಇಂಚಿನದು ಒಂದೂಕಾಲು ಇಂಚಿಗೆ ಹತ್ತಿರ. ದಪ್ಪ ಕೊಯ್ದರೆ ಸೀಳು ಕಡಿಮೆ, ಹುಡಿ ಕಡಿಮೆ, ಅಂಕೆ ಮೇಲೆ. ಗಿರಾಕಿಗೆ ಬೇಡದ ದಪ್ಪವನ್ನು ಪ್ಲೇನರಿನಲ್ಲಿ ಮತ್ತೆ ಹುಡಿ ಮಾಡುವುದು ನಾವೇ. ಈಗ ಹಸಿ ಹಲಗೆಗೆ 28 ಮಿ.ಮೀ., ಒಂದು ಮಿ.ಮೀ. ಆಚೀಚೆ, ಕಬ್ಬಿಣದ ಪಟ್ಟಿಯಲ್ಲಿ ಎರಡು ಕಚ್ಚು ಕೊರೆದ ಗೇಜಿನಲ್ಲಿ ದಾಟಿದ ಹಲಗೆ ಮಾತ್ರ ಲೆಕ್ಕಕ್ಕೆ. ಗೇಜು ಹಿಡಿಯುವುದು ಪ್ಯಾಕಿಂಗಿನ ಹೆಂಗಸರು. ಬೀಡಿ ಕಟ್ಟಿ ಪಳಗಿದ ಕೈಗಳು. ಒಂದು ಕಟ್ಟಿನಲ್ಲಿ ಎಷ್ಟು ಹಲಗೆ, ಅದರಲ್ಲಿ ಎಷ್ಟು ತಳ್ಳಬೇಕು ಅನ್ನುವುದರಲ್ಲಿ ಕ್ಲರ್ಕಿಗಿಂತ ಚುರುಕು. ತಳ್ಳಿದ ಹಲಗೆಗೆ ಕೊಯ್ದವರ ಜೊತೆ ವಾದ ಮಾಡುವ ಧೈರ್ಯವೂ ಬೀಡಿ ಡಿಪೋದಲ್ಲಿ ಕಲಿತದ್ದೇ ಇರಬೇಕು.

ಬೋನಸನ್ನು ತಿಂಗಳಿಗೊಮ್ಮೆ ಕೊಟ್ಟರೆ ಇಎಸ್‌ಐ ಲೆಕ್ಕದಲ್ಲಿ ಅದೂ ಕೂಲಿಯೇ: ಕಾರ್ಮಿಕನಿಂದ ಶೇ. 0.75, ಮಿಲ್ಲಿನಿಂದ ಶೇ. 3.25. ಗ್ರಾಚುಯಿಟಿಯಲ್ಲಿ ಒಂದು ಸೂಕ್ಷ್ಮ ಇದೆ, ಒಪ್ಪಂದದಲ್ಲಿ ಯಾರೂ ಕೇಳದಿದ್ದರೂ ಹೇಳಬೇಕಾದದ್ದು. ಕೊಯ್ದಷ್ಟಕ್ಕೆ ಕೂಲಿ ಪಡೆಯುವ ತುಂಡುಗೂಲಿಯವನು ಬಿಟ್ಟು ಹೋಗುವಾಗ ಹಿಂದಿನ ಮೂರು ತಿಂಗಳ ಸರಾಸರಿ ಹಿಡಿಯುತ್ತಾರೆ. ಮಿಲ್ಲು ಅರ್ಧ ನಿಂತಿರುವ ಮಳೆಗಾಲ ಕಳೆದು ಸೆಪ್ಟೆಂಬರಿನಲ್ಲಿ ನಿವೃತ್ತನಾದವನಿಗೆ ಮೂವತ್ತು ವರ್ಷದ ದುಡಿಮೆಗೂ ಆ ಬಡ ಸರಾಸರಿಯೇ ಗತಿ. ದಿನಗೂಲಿಗೆ ಬಂದ ಮೇಲೆ ಈ ಅಪಾಯ ತಪ್ಪಿತು. ಹಳೆಯ ತುಂಡುಗೂಲಿ ವರ್ಷಗಳೂ ಸೇವೆಯಲ್ಲಿ ಸೇರುತ್ತವೆ ಅಂತ ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಪಿಎಫ್ 20 ಜನಕ್ಕೆ ಶುರುವಾಗುತ್ತದೆ, ಗುತ್ತಿಗೆಯವರೂ ಲೆಕ್ಕಕ್ಕೆ. 19ರಲ್ಲೇ ನಿಲ್ಲುವ ಮಿಲ್ಲುಗಳು ಇಷ್ಟೊಂದು ಯಾಕೆ ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಡ.

ಇಷ್ಟಾದ ಮೇಲೆ ಯಂತ್ರ. ಚಕ್ರ 42 ಇಂಚಿನದು, ನಿಮಿಷಕ್ಕೆ 650 ಸುತ್ತು. ಒಂದು ಸುತ್ತಿಗೆ 11 ಅಡಿ, ಅಂದರೆ ಬ್ಲೇಡು ನಿಮಿಷಕ್ಕೆ ಸುಮಾರು 7,150 ಅಡಿ ಓಡುತ್ತದೆ. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲು ದಾಟಬಾರದು ಅಂತ ಹಳೆಯ ನಿಯಮ: 42 ಇಂಚಿಗೆ 19 ಗೇಜು, 1.07 ಮಿ.ಮೀ. ಅದಕ್ಕಿಂತ ದಪ್ಪದ್ದು ಹಾಕಿದರೆ ಚಕ್ರದ ಮೇಲೆ ಬಗ್ಗಿ ಬಗ್ಗಿ ದಣಿದು ಸೀಳುತ್ತದೆ. ಹಲ್ಲು ಎರಡೂ ಬದಿಗೆ 0.45 ಮಿ.ಮೀ. ಬಾಗಿಸಿದರೆ ಸೀಳಿನ ಅಗಲ 2 ಮಿ.ಮೀ. ಚಿಲ್ಲರೆ ಕೆಲಸಕ್ಕಿದ್ದ ಹಳೆಯ ದುಂಡು ಗರಗಸದ ಸೀಳು ನಾಲ್ಕೂವರೆ. ಒಂದು ಇಂಚಿನ ಹಲಗೆ ಕೊಯ್ಯುವಾಗ ಮೊದಲಿನದರಲ್ಲಿ ಶೇ. 7 ಮರ ಹುಡಿಯಾದರೆ ಎರಡನೆಯದರಲ್ಲಿ ಶೇ. 15. ದೊಡ್ಡ ಹಲಸಿನಲ್ಲಿ ಇದು ಕಣ್ಣಿಗೆ ಬೀಳುತ್ತಿರಲಿಲ್ಲ. ಐದಾರು ಹಲಗೆ ಮಾತ್ರ ಬರುವ ರಬ್ಬರಿನಲ್ಲಿ ಒಂದು ಹಲಗೆಯೇ ಹುಡಿಗೆ ಹೋಗುತ್ತದೆ.

ರಬ್ಬರು ಮೆದು, ಹಾಗಾಗಿ ಬ್ಲೇಡಿಗೆ ಸುಖ ಅಂದುಕೊಂಡಿದ್ದೆವು. ಉಲ್ಟಾ. ಹಸಿ ಮರದ ಹಾಲು ಬ್ಲೇಡಿನ ಮೈಗೆ ಅಂಟಿ, ಹುಡಿ ಅದಕ್ಕೆ ಅಂಟಿ, ಬ್ಲೇಡು ಬಿಸಿಯಾಗಿ ಹಲ್ಲಿನ ಬದಿ ಹಿಗ್ಗುತ್ತದೆ. ಹಿಗ್ಗಿದ ಬದಿ ಸಡಿಲ, ಸೀಳು ಹಾವಿನಂತೆ ಹೋಗುತ್ತದೆ. ಅದಕ್ಕೇ ಬ್ಲೇಡಿನ ನಡುಭಾಗವನ್ನು ರೋಲರಿನಲ್ಲಿ ಒತ್ತಿ ಸ್ವಲ್ಪ ಉದ್ದ ಮಾಡಿರುತ್ತಾರೆ, ಅಂಚುಗಳು ಬಿಗಿಯಾಗಿ ನಿಲ್ಲಲಿ ಅಂತ. ಡೀಸೆಲ್ ತೊಟ್ಟಿಕ್ಕಿಸುವುದು ಹಳೆಯ ಪದ್ಧತಿ. ಬಿಳಿ ಹಲಗೆಗೆ ಕಲೆ ಬೀಳುತ್ತದೆ, ಟ್ರೀಟ್‌ಮೆಂಟಿನ ನೀರು ಅಲ್ಲಿ ಇಳಿಯುವುದಿಲ್ಲ. ಸೋಪಿನ ನೀರಿಗೆ ಬದಲಾಯಿಸಿ, ಚಕ್ರಕ್ಕೆ ತಾಗುವ ಹಾಗೆ ಮರದ ಕೆರೆಗೋಲು ಕೂರಿಸಿದೆವು. ಮೂರೂವರೆ ಗಂಟೆಗೊಮ್ಮೆ ಬ್ಲೇಡು ಇಳಿಸಲೇಬೇಕು, ಹರಿತ ಇದ್ದರೂ.

ಸರದಿಯ ಉತ್ಸಾಹದಲ್ಲಿ ಮಾಡಿದ ದೊಡ್ಡ ತಪ್ಪು ಇಲ್ಲೇ ಆಯಿತು. ಮಸೆಯುವವನು ರಜೆಯಲ್ಲಿದ್ದಾಗ ಚಾರ್ಟಿನಲ್ಲಿ 2 ಇದ್ದವನನ್ನು ಗ್ರೈಂಡರಿಗೆ ನಿಲ್ಲಿಸಿದೆವು. ನೋಡಲು ಹಲ್ಲು ಚೆನ್ನಾಗಿಯೇ ಬಂತು. ಒಂದೇ ಸಲ ಜಾಸ್ತಿ ಒತ್ತಿದ್ದರಿಂದ ಹಲ್ಲಿನ ಬುಡದ ಕೊರಕಲಿನಲ್ಲಿ ಸಣ್ಣ ನೀಲಿ ಕಲೆ. ಅಷ್ಟು ಜಾಗದ ಉಕ್ಕು ಸುಟ್ಟು ಗಡಸಾಗಿ ಗಾಜಿನಂತೆ ಪೆಡಸು ಆಗಿರುತ್ತದೆ. ಮಾರನೆ ದಿನ ಆ ಕೊರಕಲಿನಿಂದ ಬಿರುಕು ಶುರು, ಒಂದು ವಾರದಲ್ಲಿ ಮೂರು ಬ್ಲೇಡು ಹೋಯಿತು. ಬಿರುಕು ಸಣ್ಣದಿರುವಾಗಲೇ ಅದರ ತುದಿಗೆ ಸೆಂಟರ್ ಪಂಚಿನಿಂದ ಒಂದು ಗುಳಿ ಹೊಡೆದರೆ ಅಲ್ಲಿಗೇ ನಿಲ್ಲುತ್ತದೆ ಅನ್ನುವುದೂ ಗೊತ್ತಿದ್ದದ್ದು ರಜೆಯಲ್ಲಿದ್ದವನಿಗೆ ಮಾತ್ರ. ಆಮೇಲೆ ಅವನ ಜೊತೆ ಇಬ್ಬರನ್ನು ಖಾಯಂ ಕೂರಿಸಿದೆವು, ಬೇರೆ ಯಾವ ಕೆಲಸಕ್ಕೂ ಎಳೆಯದೆ. ಹೊಂದಿಕೊಳ್ಳುವ ತಂಡ ಬೇಕಾದರೆ ಅದರ ನಡುವೆ ಹೊಂದಿಕೊಳ್ಳದ ಒಂದೆರಡು ಕಂಬ ಇರಲೇಬೇಕು.

ಮೊಳೆಯ ಕಾಟ ಬೇರೆ. ಕಡಿಯುವ ಮುಂಚಿನ ವರ್ಷಗಳಲ್ಲಿ ಮರವನ್ನು ಕಡುಂವೆಟ್ಟಿಗೆ, ಅಂದರೆ ಉಳಿದಷ್ಟು ಹಾಲನ್ನೆಲ್ಲ ಇಳಿಸಿಕೊಳ್ಳುವ ಟ್ಯಾಪಿಂಗಿಗೆ, ಕೊಟ್ಟಿರುತ್ತಾರೆ. ಬುಡದ ನಾಲ್ಕೈದು ಅಡಿಯಲ್ಲಿ ಹಾಲಿಳಿಯುವ ತಗಡಿನ ಚಿಲ್ಲು, ಚಿರಟೆ ಕಟ್ಟಿದ ತಂತಿ ಒಳಗೇ ಉಳಿದು ಮೇಲೆ ತೊಗಟೆ ಬೆಳೆದಿರುತ್ತದೆ. ಬುಡದ ತುಂಡನ್ನು ಬೇರೆ ರಾಶಿ ಹಾಕಿ, ಕತ್ತಿಯಲ್ಲಿ ತೊಗಟೆ ಸುಲಿದು, ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರಿನಲ್ಲಿ ನೋಡಿ, ದಿನದ ಕೊನೆಗೆ, ಇಳಿಸಲು ಸಿದ್ಧವಾದ ಬ್ಲೇಡಿನಲ್ಲಿ ಕೊಯ್ಯುವುದು.

ರಬ್ಬರಿನ ಇನ್ನೊಂದು ಸ್ವಭಾವ ಇಡೀ ಪಾಳಿಯನ್ನೇ ತಿರುಗಿಸಿತು. ಹಲಸು ಆರು ತಿಂಗಳು ಅಂಗಳದಲ್ಲಿ ಬಿದ್ದರೂ ಕೇಳುವವರಿಲ್ಲ. ರಬ್ಬರಿನಲ್ಲಿ ಪಿಷ್ಟ ಜಾಸ್ತಿ. ಕಡಿದ ಕೆಲವೇ ದಿನದಲ್ಲಿ ನೀಲಿ ಬೂಸ್ಟು, ಅದರ ಬೆನ್ನಿಗೆ ಹುಡಿ ಮಾಡುವ ಕುಟ್ಟೆ ಹುಳ. ಕಡಿದ ತಾರೀಕನ್ನು ತುಂಡಿನ ತುದಿಗೆ ಬಣ್ಣದಲ್ಲಿ ಬರೆಸುತ್ತೇವೆ. ಮೂರು ದಿನದೊಳಗೆ ಕೊಯ್ಲು, ಕೊಯ್ದ ದಿನವೇ ಔಷಧಿ. ಕೊಯ್ದು ರಾತ್ರಿ ಬಿಟ್ಟ ಹಲಗೆಯಲ್ಲಿ ಬೆಳಿಗ್ಗೆ ಕಾಣುವುದು ಏನೂ ಇಲ್ಲ, ಒಳಗೆ ಮಾತ್ರ ಶುರುವಾಗಿರುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಂದು ಐದಕ್ಕೆ ಹೋಗುವ ಕ್ರಮ ಮುರಿದು, ಕೊಯ್ಯುವವರು ಏಳರಿಂದ, ಟ್ರೀಟ್‌ಮೆಂಟಿನವರು ಹನ್ನೊಂದರಿಂದ.

ಔಷಧಿ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್, ಒಂದಕ್ಕೆ ಒಂದೂವರೆ. ಸಿಲಿಂಡರಿಗೆ ಶೇ. 6ರ ದ್ರಾವಣ: 100 ಲೀಟರ್ ನೀರಿಗೆ 2.4 ಕಿಲೊ ಬೋರಿಕ್, 3.6 ಕಿಲೊ ಬೋರಾಕ್ಸ್. ನೀರು ಬಿಸಿ ಇರಬೇಕು, ತಣ್ಣೀರಿನಲ್ಲಿ ತಳಕ್ಕೆ ಕೂರುತ್ತದೆ. ಹಲಗೆ ತುಂಬಿ ಬಾಗಿಲು ಬಿಗಿದು ಅರ್ಧ ಗಂಟೆ ನಿರ್ವಾತ, 600 ಮಿ.ಮೀ. ಪಾದರಸದಷ್ಟು, ದ್ರಾವಣ ಬಿಟ್ಟು ಚದರ ಸೆಂ.ಮೀ.ಗೆ 10 ಕಿಲೊ ಒತ್ತಡದಲ್ಲಿ ಒಂದೂವರೆ ಗಂಟೆ; ಕೊನೆಗೆ ಹದಿನೈದು ನಿಮಿಷ ಮತ್ತೆ ನಿರ್ವಾತ, ತೊಟ್ಟಿಕ್ಕದಿರಲಿ ಅಂತ. ಪ್ರತಿ ಸಲ ತೆಗೆದ ದ್ರಾವಣವನ್ನು ಹೈಡ್ರೋಮೀಟರಿನಲ್ಲಿ ನೋಡಿ ಬರೆಯಬೇಕು. ಮರದ ನೀರು ಸೇರಿ ತೆಳುವಾಗುತ್ತಾ ಹೋಗುತ್ತದೆ. ಕರೆಂಟು ಹೋಗಿ ಪಂಪು ನಿಂತ ದಿನ ಮುಳುಗಿಸುವ ತೊಟ್ಟಿ ಇದೆ: ಶೇ. 10ರ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಪ್ಲಾಸ್ಟಿಕ್ ಹೊದೆಸಿ ಮೂರು ವಾರ ಇಟ್ಟರೆ ಔಷಧಿ ತಾನೇ ಒಳಗಿಳಿಯುತ್ತದೆ. ಬೋರಾನ್ ನೀರಿಗೆ ತೊಳೆದುಹೋಗುತ್ತದೆ. ಮಳೆ ಎರಚಲು ಬೀಳುವಲ್ಲಿ ಈ ಮರ ಬೇಡ ಅಂತ ಗಿರಾಕಿಗೆ ಮೊದಲೇ ಹೇಳಿಬಿಡುವುದು.

ಅಟ್ಟಿ ಹಾಕುವುದರಲ್ಲಿ ತಪ್ಪಾಯಿತು ಅಂದೆವಲ್ಲ. ಹಲಗೆಯ ನಡುವೆ ಒಂದು ಇಂಚಿನ ರೀಪು, ಎರಡು ಅಡಿಗೊಂದು. ಮೇಲಿನ ರೀಪು ಕೆಳಗಿನದರ ನೆತ್ತಿಗೇ ಬರಬೇಕು. ನಾಲ್ಕು ಬೆರಳು ಆಚೆ ಹೋದರೂ ಭಾರ ಹಲಗೆಯ ಮೇಲೆ ಕೂತು ಡೊಂಕು ಕಟ್ಟುತ್ತದೆ. ರಬ್ಬರು ಮೊದಲೇ ಬಿಲ್ಲಿನಂತೆ ಬಾಗುವ ಮರ. ಅಟ್ಟಿಯ ನೆತ್ತಿಗೆ ಕಾಂಕ್ರೀಟು ತುಂಡು ಹೇರಿ, ಒಣಗಿಸುವ ಕೋಣೆಯಲ್ಲಿ 60 ಡಿಗ್ರಿ ಆಸುಪಾಸು ಎಂಟು ಹತ್ತು ದಿನ, ತೇವ ಶೇ. 12ಕ್ಕೆ ಬರುವವರೆಗೆ. ಗೋಡೆಯ ಮೇಲೆ ಎರಡು ಅಡಿಗೊಂದು ಕೆಂಪು ಗೆರೆ ಎಳೆದ ಮೇಲೆ, ಯಾರು ಅಟ್ಟಿ ಹಾಕಿದರೂ ರೀಪು ನೇರ ಬಂತು. ತರಬೇತಿಗಿಂತ ಆ ಗೆರೆ ಕೆಲಸ ಮಾಡಿತು.

ಪೆಟ್ಟಿಗೆ, ಪ್ಯಾಲೆಟ್ ರಫ್ತಿಗೆ ಹೋಗುವುದಾದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬಿಸಿಯಾಗಬೇಕು, ಹುಳ ಹೋಗುವಂತೆ ಬಿಸಿ ಮಾಡಿದ್ದಕ್ಕೆ ಗುರುತಾದ ಅಂತರರಾಷ್ಟ್ರೀಯ ಐಪಿಪಿಸಿ ಮುದ್ರೆ ಬೀಳಬೇಕು. ಮುದ್ರೆ ಹೊಡೆಯುವ ಹಕ್ಕು ಮಾನ್ಯತೆ ಪಡೆದವರಿಗೆ ಮಾತ್ರ. ಆ ಮಾನ್ಯತೆಗೆ ನಾವು ಹೋಗಲಿಲ್ಲ. ಅಳತೆಗೆ ಕೊಯ್ದು ಒಣಗಿಸಿದ ಹಲಗೆ ಮಂಗಳೂರಿಗೆ ಹೋಗುತ್ತದೆ, ಮುದ್ರೆ ಅಲ್ಲಿ.

ಕೆನಡಾದ ವ್ಯಾಂಕೂವರ್ ದ್ವೀಪದ ಚೆಮೇನಸ್ ಊರಿನ ದೊಡ್ಡ ಮಿಲ್ಲು 80ರ ದಶಕದ ಆರಂಭದಲ್ಲಿ ಮುಚ್ಚಿ, 1985ರಲ್ಲಿ ಮತ್ತೆ ತೆರೆದಾಗ ಹಳೆಯ ಜನರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ ಕೆಲಸ ಸಿಕ್ಕಿತು. ಕೆಲಸದ ಹೆಸರುಗಳನ್ನು ಕರಗಿಸಿ ತಂಡ ಮಾಡಿದ್ದರು. ಉದ್ಯಮದ ಪುನಾರಚನೆ ಅಂದಾಗ ಓದುವವರಿಗೆ ಸಿಗುವ ಉದಾಹರಣೆಗಳು ಆ ಬಗೆಯವು. ಅಲ್ಲಿ ಯಂತ್ರ ಜನರನ್ನು ಹೊರಗೆ ತಳ್ಳಿತು. ಇಲ್ಲಿ ಸಣ್ಣ ಮರ ಹೆಚ್ಚು ಕೈ ಕೇಳುತ್ತದೆ, ಆದರೆ ವರ್ಷಕ್ಕೆ ಎಂಟು ತಿಂಗಳು ಮಾತ್ರ.

ಆ ಎಂಟು ತಿಂಗಳೇ ಕೊನೆಯವರೆಗೂ ಬಗೆಹರಿಯದೆ ಉಳಿದದ್ದು. ಜೂನಿಗೆ ಮಳೆ ಹಿಡಿದರೆ ದೇಲಂಪಾಡಿ, ಬಂದಡ್ಕ ಕಡೆಯ ಗುಡ್ಡೆ ತೋಟಗಳಿಗೆ ಲಾರಿ ಹತ್ತುವುದಿಲ್ಲ, ಕಡಿತ ನಿಲ್ಲುತ್ತದೆ. 50 ಜನಕ್ಕಿಂತ ಕಡಿಮೆ ಇರುವ ಮಿಲ್ಲಿಗೆ ಲೇ-ಆಫ್ (ಕೆಲಸ ಕೊಡಲಾಗದ ದಿನಗಳ) ಪರಿಹಾರದ ಕಾನೂನು ಬರುವುದಿಲ್ಲ. ಆದ್ದರಿಂದ ಒಪ್ಪಂದದಲ್ಲೇ ಬರೆದೆವು: ಜೂನ್‌ನಿಂದ ಸೆಪ್ಟೆಂಬರ್ ತನಕ ತಿಂಗಳಿಗೆ ಕಡಿಮೆಯೆಂದರೆ 12 ದಿನದ ಕೆಲಸ, ಇಲ್ಲದಿದ್ದರೆ ಅಷ್ಟು ದಿನದ ಮೂಲ ಕೂಲಿ. ಮೇ ತಿಂಗಳಲ್ಲಿ ಕೊಯ್ದು ಔಷಧಿ ಹಾಕಿಟ್ಟ ಹಲಗೆಯ ಪೆಟ್ಟಿಗೆ ಕೆಲಸ, ಚಕ್ರ ಇಳಿಸಿ ಮೈ ತಿರುವುವುದು, ಹಳಿ ಮಟ್ಟ ನೋಡುವುದು, ಬೇರಿಂಗ್ ಬದಲಾವಣೆ ಇವನ್ನೆಲ್ಲ ಮಳೆಗಾಲಕ್ಕೆ ನೂಕಿಟ್ಟರೆ 12 ದಿನ ಹೇಗೋ ತುಂಬುತ್ತದೆ. ಮೊದಲ ವರ್ಷ ತುಂಬಲಿಲ್ಲ, ಜುಲೈಯಲ್ಲಿ ನಾಲ್ಕು ದಿನದ ಕೂಲಿ ಸುಮ್ಮನೆ ಕೊಟ್ಟೆವು. ಎರಡನೆಯ ವರ್ಷ ಮೇ ತಿಂಗಳಲ್ಲಿ ಹೆಚ್ಚು ಕೊಯ್ದಿಟ್ಟೆವು, ಆಗ ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಹೋಯಿತು. ಕೂಡಿಸಿ ಕಳೆದರೆ ಎರಡೂ ವರ್ಷ ಹೆಚ್ಚುಕಡಿಮೆ ಒಂದೇ ಖರ್ಚು.

ಹಲಸು ಪೂರ್ತಿ ನಿಂತಿಲ್ಲ. ಮನೆಯಂಗಳದ ಮರ ಕಡಿಸಿ ದೇವರ ಮಂಟಪಕ್ಕೋ ಮಗಳ ಮಂಚಕ್ಕೋ ಅಂತ ವರ್ಷಕ್ಕೆ ಹತ್ತಿಪ್ಪತ್ತು ದಿಮ್ಮಿ ಬರುತ್ತವೆ. ಅವಕ್ಕೆ ಈಗ ಸಿಎಫ್‌ಟಿ ದರ ಇಲ್ಲ, ಗಂಟೆ ದರ. ಟ್ರಾಲಿಗೆ ಏರಿದ ಹೊತ್ತು, ಇಳಿದ ಹೊತ್ತು ಸೀಮೆಸುಣ್ಣದಲ್ಲಿ ಕಂಬದ ಮೇಲೆ ಬರೆಯುತ್ತೇವೆ. ಮೊಳೆ ಸಿಕ್ಕಿ ಬ್ಲೇಡು ಬದಲಾಯಿಸಿದರೆ ಆ ಹೊತ್ತು ಗಿರಾಕಿಯ ಲೆಕ್ಕಕ್ಕೆ. ಇದಕ್ಕೆ ಪ್ರತಿ ಸಲವೂ ಚರ್ಚೆ ಇದ್ದದ್ದೇ, ದಿಮ್ಮಿ ಏರಿಸುವ ಮುಂಚೆಯೇ ಮುಗಿಸಿಕೊಳ್ಳುವುದು.